ಬರೆದಿಡದೆ ಹೋದವರ ಹೊಲ

ನಮ್ಮ ತಾತ ತೀರಿಕೊಂಡದ್ದು 1987ರ ಬೇಸಗೆಯಲ್ಲಿ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹನ್ನೆರಡು ಎಕರೆ ಎರೆಭೂಮಿ, ಒಂದು ಬಾವಿ, ಮಣ್ಣಿನ ಮಾಳಿಗೆಯ ಮನೆ, ಒಂದು ಜೊತೆ ದೇವಣಿ ಎತ್ತು. ಅವರ ಐಶ್ವರ್ಯವೆಲ್ಲ ಇಷ್ಟೇ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಅಜ್ಜಿ ಅವರಿಗಿಂತ ಮೊದಲೇ ಹೋಗಿದ್ದಳು. ತಾತ ಸಾಯುವುದಕ್ಕೆ ಒಂದು ವರ್ಷ ಮುಂಚೆ ಊರಿನ ಶಾಲಾ ಮಾಸ್ತರರು ಮೆಲ್ಲನೆ, “ಯಜಮಾನರೇ, ಒಂದು ಕಾಗದ ಬರೆದಿಡಬಾರದೇ?” ಎಂದು ಕೇಳಿದ್ದರಂತೆ. “ಮಾಸ್ತರೇ, ನಾನಿನ್ನೂ ಸತ್ತಿಲ್ಲ” ಎಂದಷ್ಟೇ ಹೇಳಿ ತಾತ ಹೆಗಲಮೇಲಿನ ಟುವಾಲು ಕೊಡವಿ ಎದ್ದುಹೋದರಂತೆ. ಆ ಮಾಸ್ತರರು ಮತ್ತೆಂದೂ ಆ ಮಾತೆತ್ತಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲವೆಂದು ಓದುಗರು ಬಲ್ಲರು. ಸಾವಿನ ಮಾತನ್ನಾಡಿದರೆ ಸಾವು ಹೊಸ್ತಿಲಿಗೆ ಬಂದೀತೆಂಬ ಅಳುಕು ನಮ್ಮಲ್ಲಿ ಇಂದಿಗೂ ಹೋಗಿಲ್ಲ. ಮಗಳ ಮದುವೆಗೆ ಐದು ವರ್ಷ ಮುಂಚಿನಿಂದ ಲೆಕ್ಕ ಹಾಕುವ ಗೃಹಸ್ಥನೇ ತನ್ನ ಹೊಲಮನೆಗಳು ಮುಂದೆ ಯಾರಿಗೆಂಬುದನ್ನು ದೈವದ ಮೇಲೆ ಹಾಕಿ ನಿಶ್ಚಿಂತನಾಗಿರುತ್ತಾನೆ. ದೈವಕ್ಕೆ ತಹಶೀಲ್ದಾರರ ಕಚೇರಿಯಲ್ಲಿ ಕೆಲಸವಿಲ್ಲವೆಂಬುದು ಆಮೇಲೆ ತಿಳಿಯುತ್ತದೆ.

ಬೀದರ ಜಿಲ್ಲೆಯಲ್ಲಿ ಈ ಕಾಗದಕ್ಕೆ ಹೆಸರುಗಳೇನೋ ಧಾರಾಳವಾಗಿವೆ. ಸರಕಾರಿ ಭಾಷೆಯಲ್ಲಿ ಅದು ಮರಣಶಾಸನ. ಔರಾದ, ಕಮಲನಗರಗಳ ಮರಾಠಿ ಮನೆಗಳಲ್ಲಿ ಮೃತ್ಯುಪತ್ರ. ಬೀದರಿನ ಹಳೆಯ ಕೋಟೆಯೂರಿನ ಉರ್ದು ಮನೆಗಳಲ್ಲಿ ವಸೀಯತ್‌ನಾಮೆ. ವಕೀಲರ ಬಾಯಲ್ಲಿ ಬರಿಯ ವಿಲ್. ನಾಲ್ಕು ಹೆಸರಿದ್ದೂ ಬರೆಯುವವರು ವಿರಳ.

ಕಲ್ಯಾಣದ ಪಂಡಿತ

ಈ ವಿಷಯದಲ್ಲಿ ಬೀದರಿನವರು ಹಿಂದುಳಿಯುವುದು ಒಂದು ವಿಧದಲ್ಲಿ ವಿಪರ್ಯಾಸವೇ ಸರಿ. ಏಕೆಂದರೆ, ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹೇಗೆ ಇಳಿಯಬೇಕೆಂದು ಶತಮಾನಗಳ ಕಾಲ ನಿರ್ಧರಿಸಿದ ಗ್ರಂಥ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಹೆಸರು ‘ಮಿತವಾದ ಅಕ್ಷರ’ವೆಂದಾದರೂ ಅದು ಹಬ್ಬಿಸಿದ ವ್ಯಾಜ್ಯಗಳ ಅಕ್ಷರಗಳಿಗೆ ಮಿತಿಯಿಲ್ಲ! ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು 1810ರಲ್ಲಿ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಪ್ರಮಾಣವೆಂದು ಹಿಡಿದವು. ಬಂಗಾಳದ ಕಡೆ ಜೀಮೂತವಾಹನನ ಗ್ರಂಥ ನಡೆಯಿತು. ಉಳಿದೆಡೆಯಲ್ಲೆಲ್ಲ ಕಲ್ಯಾಣದ ಪಂಡಿತನದೇ ಮಾತು.

ಆತನ ಸಿದ್ಧಾಂತದ ತಿರುಳು ಇಷ್ಟು. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗ ಅಲ್ಲ, ತಾನು ಹುಟ್ಟಿದಾಗಲೇ. ತೊಟ್ಟಿಲಲ್ಲಿರುವ ಕೂಸು ಕೂಡ ತಂದೆಯೊಡನೆ ಸಮಪಾಲಿನ ಒಡೆಯ. ಹೀಗಿರುವಾಗ ತಂದೆ ಮರಣಶಾಸನ ಬರೆಯುವುದೆಲ್ಲಿ? ತನ್ನದಲ್ಲದ್ದನ್ನು ಕೊಡುವವನು ಯಾರು? ‘ದಾಯ’ವನ್ನು ಪಡೆಯುವವನೇ ದಾಯಾದಿ. ಆ ಶಬ್ದಕ್ಕೆ ಕನ್ನಡದಲ್ಲಿ ಈಗ ಯಾವ ಅರ್ಥ ಬಂದಿದೆಯೆಂಬುದನ್ನು ನಾನು ಹೇಳಬೇಕಾಗಿಲ್ಲ.

1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲೆಷ್ಟೋ ಅಷ್ಟನ್ನು ಒಬ್ಬನು ಮರಣಶಾಸನದ ಮೂಲಕ ಬೇಕಾದವರಿಗೆ ಕೊಡಬಹುದೆಂದು ಅದರ 30ನೆಯ ಪ್ರಕರಣ ಹೇಳಿತು. ಹಿಂದೂ ಎಂದರೆ ಯಾರು ಎಂಬಲ್ಲಿ ವೀರಶೈವರು, ಲಿಂಗಾಯತರು, ಆರ್ಯಸಮಾಜದವರು ಎಂದು ಕಾಯಿದೆಯೇ ಹೆಸರಿಟ್ಟು ಸೇರಿಸಿದೆ. ಬೌದ್ಧರು, ಜೈನರು, ಸಿಖ್ಖರು ಕೂಡ ಅದರೊಳಗೇ ಬರುತ್ತಾರೆ. ನಾನಕ ಝೀರಾದಿಂದ ಭಾಲ್ಕಿಯ ಮಠದವರೆಗೆ ಬೀದರಿನ ಬಹುತೇಕ ಮನೆಗಳಿಗೆ ಇದೇ ಕಾಯಿದೆ.

ಹೆಣ್ಣುಮಕ್ಕಳ ಮಾತು ಬರುವುದು ಇಲ್ಲಿಯೇ. ಮೊದಲು 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ, ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಂತೆಯೇ ಎಂದಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಸಂಶಯ ಹದಿನೈದು ವರ್ಷ ನ್ಯಾಯಾಲಯಗಳನ್ನು ಕಾಡಿ, ಬೇಕಾಗಿಲ್ಲವೆಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ ತೀರಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪತ್ರದಿಂದಲೋ ನ್ಯಾಯಾಲಯದ ತೀರ್ಪಿನಿಂದಲೋ ಪಾಲು ಆಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕುವಂತಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಔರಾದದ ಒಬ್ಬ ವಿಧುರ ರೈತನಿಗೆ 24 ಎಕರೆ ಪಿತ್ರಾರ್ಜಿತ ಭೂಮಿ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ನಾಲ್ವರಿಗೂ ಆರಾರು ಎಕರೆ. ಆತನು ಮರಣಶಾಸನದಲ್ಲಿ “ನನ್ನ 24 ಎಕರೆಯೂ ಹಿರಿಯ ಮಗನಿಗೆ” ಎಂದು ಬರೆದರೆ ಆರು ಎಕರೆಗೆ ಮಾತ್ರ ಅದು ನಡೆಯುತ್ತದೆ. ಏನೂ ಬರೆಯದೆ ಹೋದರೆ ಆ ಆರು ಎಕರೆ ಮೂವರಿಗೂ ಎರಡೆರಡರಂತೆ ಹಂಚಿ ಪ್ರತಿಯೊಬ್ಬರಿಗೂ ಎಂಟು. ಅದೇ 24 ಎಕರೆ ಆತನು ಸ್ವಂತ ದುಡಿಮೆಯಿಂದ ಕೊಂಡದ್ದಾಗಿದ್ದರೆ ಎಲ್ಲವನ್ನೂ ಆತ ಯಾರಿಗೆ ಬೇಕಾದರೂ ಬರೆಯಬಹುದು, ಮಕ್ಕಳು ಬಾಯಿಬಿಡುವಂತಿಲ್ಲ.

ಹಾಗಾದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ‘ಯಾರಿಗೆ ಕೊಡಲಿ?’ ಎಂದಲ್ಲ, ‘ನನ್ನದು ಎಷ್ಟು?’ ಎಂದು. ನಮ್ಮ ಜನ ತಂದೆಯಿಂದ ಬಂದದ್ದೆಲ್ಲವನ್ನೂ ಪಿತ್ರಾರ್ಜಿತವೆನ್ನುತ್ತಾರೆ. ಅದು ಸರಿಯಲ್ಲ. ತಂದೆಯ ಸ್ವಯಾರ್ಜಿತ ಆಸ್ತಿ 1956ರ ಕಾಯಿದೆಯಂತೆ ಮಗನಿಗೆ ಬಂದರೆ ಅದು ಅವನ ಸ್ವಂತದ್ದೇ ಆಗುತ್ತದೆಂದು 1986ರಲ್ಲೇ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಟ್ರಂಕಿನ ತಳದ ಉರ್ದು

ನಮ್ಮ ಮನೆಯಲ್ಲಿ ಜಗಳವೆದ್ದದ್ದು ಇದರ ಮೇಲೆಯೇ. ತಾತ ಸತ್ತು ಮೂವತ್ತು ವರ್ಷವಾಗಿದ್ದರೂ ಪಹಣಿಯಲ್ಲಿ ಅವರ ಹೆಸರೇ ನಿಂತಿತ್ತು. ತಂದೆಯವರೂ ಚಿಕ್ಕಪ್ಪನವರೂ ಬಾಯಿಮಾತಿನಲ್ಲಿ ಆರಾರು ಎಕರೆ ಮಾಡಿಕೊಂಡು ಉಳುತ್ತಿದ್ದರು. ತೊಗರಿ, ಉದ್ದು ಬೆಳೆಯುವುದಕ್ಕೆ ಪೌತಿ ಖಾತೆ ಬೇಕಿಲ್ಲವಲ್ಲ! 2017ರಲ್ಲಿ ಚಿಕ್ಕಪ್ಪನ ಮಗ ಹೈದರಾಬಾದಿನಲ್ಲಿ ಮನೆ ಕೊಳ್ಳಬೇಕೆಂದು ಎರಡು ಎಕರೆ ಮಾರಲು ಹೊರಟಾಗ ಕೊಳ್ಳುವವನು ಕೇಳಿದ ಮೊದಲ ಪ್ರಶ್ನೆ: “ವಂಶಾವಳಿ ಎಲ್ಲಿ? ಅಕ್ಕತಂಗಿಯರ ರುಜು ಎಲ್ಲಿ?”

ಚಿಕ್ಕಪ್ಪನವರು ಇದು ಹಿರಿಯರಿಂದ ಬಂದ ಹೊಲ, ಹೆಣ್ಣುಮಕ್ಕಳ ಮಾತೇ ಬರುವುದಿಲ್ಲವೆಂದರು. ತಂದೆಯವರು ಸುಮ್ಮನಿದ್ದರು. ನನಗೆ ತಾತನ ತಗಡಿನ ಟ್ರಂಕು ನೆನಪಾಯಿತು. ಅದರ ತಳದಲ್ಲಿ ಮಡಿಕೆ ಮಡಿಕೆಯಾಗಿ ಹರಿಯುತ್ತಿದ್ದ ಉರ್ದು ಕಾಗದಗಳಿದ್ದವು. ಮನೆಯಲ್ಲಿ ಒಬ್ಬರಿಗೂ ಆ ಲಿಪಿ ಬಾರದು. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಕಚೇರಿಯ ಭಾಷೆ ಅದು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬೀದರಿನ ಹಳೆಯ ಊರಿನಲ್ಲಿ ಒಬ್ಬ ವೃದ್ಧರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. ಫಸಲಿ 1355ರ ಕ್ರಯಪತ್ರ, ಎಂದರೆ 1945–46. ತಾತನು ಹನ್ನೆರಡು ಎಕರೆಯನ್ನೂ ತನ್ನ ಹಣ ಕೊಟ್ಟು ಕೊಂಡಿದ್ದರು. 1954–55ರ ಖಾಸ್ರಾ ಪಹಣಿಯಲ್ಲಿಯೂ ಅವರೊಬ್ಬರದೇ ಹೆಸರು.

ಎಂದ ಮೇಲೆ ವಾದಕ್ಕೆ ಎಡೆಯೇ ಉಳಿಯಲಿಲ್ಲ. ಸ್ವಯಾರ್ಜಿತ ಆಸ್ತಿ, ಮರಣಶಾಸನವಿಲ್ಲ, ಹೆಂಡತಿ ಇಲ್ಲ, ನಾಲ್ವರು ಮಕ್ಕಳು. 1956ರ ಕಾಯಿದೆಯಂತೆ ತಲೆಗೆ ಮೂರು ಎಕರೆ. 2005ರ ತಿದ್ದುಪಡಿ ಕೂಡ ಇಲ್ಲಿ ಬೇಕಾಗಿರಲಿಲ್ಲ. ತಾತ ಕಣ್ಣುಮುಚ್ಚಿದ ಗಳಿಗೆಯಿಂದಲೇ ನನ್ನ ಇಬ್ಬರು ಸೋದರತ್ತೆಯರು ಒಡತಿಯರಾಗಿದ್ದರು. ಅದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಬೀದರಿನ ಕಡೆ ಇಂಥ ಕಾಗದಗಳಿರುವ ಟ್ರಂಕುಗಳು ಎಷ್ಟೋ ಇವೆ. ಓದಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಅವರು ಅದನ್ನು ಈ ವರ್ಷವೇ ಓದಿಸಿ, ಕನ್ನಡದಲ್ಲಿ ಬರೆಯಿಸಿಡುವುದು ಒಳಿತು.

ಎರಡು ಸಾಕ್ಷಿ, ಒಂದು ರುಜು

ತಾತ ಬರೆದಿದ್ದರೆ ಏನು ಬೇಕಾಗುತ್ತಿತ್ತು? ನಂಬುವುದು ಕಷ್ಟ, ಆದರೆ ಒಂದು ಬಿಳಿಯ ಹಾಳೆ ಸಾಕಾಗಿತ್ತು. ಮರಣಶಾಸನಕ್ಕೆ ಛಾಪಾ ಕಾಗದ ಬೇಡ. ರಿಜಿಸ್ಟರ್ ಮಾಡಿಸುವುದು ಕಡ್ಡಾಯವಲ್ಲ. ಕನ್ನಡವಾಗಲಿ ಮರಾಠಿಯಾಗಲಿ ಉರ್ದುವಾಗಲಿ, ತನಗೆ ಬರುವ ಭಾಷೆಯಲ್ಲಿ ಬರೆಯಬಹುದು. ಹೆಬ್ಬೆರಳಿನ ಗುರುತೂ ರುಜುವೇ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಪ್ರಕರಣ ಕೇಳುವುದು ಇಷ್ಟು: ಬರೆದವನು ರುಜು ಮಾಡಬೇಕು, ಅವನು ರುಜು ಮಾಡಿದ್ದನ್ನು ಕಂಡ, ಇಲ್ಲವೇ ತನ್ನ ರುಜುವೆಂದು ಅವನೇ ಒಪ್ಪಿದ್ದನ್ನು ಕೇಳಿದ, ಕನಿಷ್ಠ ಇಬ್ಬರು ಸಾಕ್ಷಿಗಳು ಅವನೆದುರಿಗೇ ತಮ್ಮ ರುಜು ಹಾಕಬೇಕು. ಒಳಗೇನಿದೆಯೆಂದು ಸಾಕ್ಷಿಗಳು ತಿಳಿಯಬೇಕಾಗಿಲ್ಲ.

ಆದರೆ ಸಾಕ್ಷಿಗಳ ಆಯ್ಕೆಯಲ್ಲಿಯೇ ಜನ ಎಡವುವುದು. ಮಾನದ ಮಾತೆಂದು ಊರಿನ ಅತ್ಯಂತ ಹಿರಿಯರನ್ನೇ ಕರೆತರುತ್ತಾರೆ. ಬರೆದವನಿಗಿಂತ ಮೊದಲು ಸಾಕ್ಷಿಯೇ ಸ್ವರ್ಗಸ್ಥನಾಗುತ್ತಾನೆ! ವ್ಯಾಜ್ಯವೆದ್ದಾಗ ಒಬ್ಬ ಸಾಕ್ಷಿಯಾದರೂ ಕಟಕಟೆಗೆ ಬಂದು ಹೇಳಬೇಕಾಗುವುದರಿಂದ, ತನಗಿಂತ ಹತ್ತಿಪ್ಪತ್ತು ವರ್ಷ ಕಿರಿಯರನ್ನು ಆರಿಸುವುದು ಜಾಣತನ. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡುವುದು ಬೇಡ. ಬೀದರಿನಲ್ಲಿ ಬಹಳ ಮಂದಿಯಿರುವ ಕ್ರೈಸ್ತ ಬಂಧುಗಳಿಗಂತೂ ಹಾಗೆ ಮಾಡಿದರೆ ಆ ಸಾಕ್ಷಿಗೆ ಬರೆದ ಪಾಲೇ ರದ್ದಾಗುತ್ತದೆ.

ಮೈಸೂರಿನಿಂದಲೇ ಹೋದ ಒಂದು ಮೊಕದ್ದಮೆ ಈ ವಿಷಯದಲ್ಲಿ ದೇಶಕ್ಕೆಲ್ಲ ಪಾಠವಾಯಿತು. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬವರ ನಡುವಿನ ಆ ವ್ಯಾಜ್ಯವನ್ನು ಸುಪ್ರೀಂ ಕೋರ್ಟ್ 1958ರ ನವೆಂಬರಿನಲ್ಲಿ ತೀರ್ಮಾನಿಸುತ್ತ, ಮರಣಶಾಸನದಿಂದ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯಕ್ಕೆಡೆಯೆಂದೂ, ಆ ಸಂಶಯವನ್ನು ಅವನೇ ನಿವಾರಿಸಬೇಕೆಂದೂ ಹೇಳಿತು. ಕಾಯಿಲೆಯ ತಂದೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಉಪನೋಂದಣಾಧಿಕಾರಿಗಳ ಕಚೇರಿಗೆ ಓಡುವ ಕಿರಿಯ ಮಗನು ಇದನ್ನು ನೆನಪಿನಲ್ಲಿಡಬೇಕು. ವೈದ್ಯರ ಒಂದು ಸರ್ಟಿಫಿಕೇಟು ಜೊತೆಗಿರಲಿ. ಒಬ್ಬ ಮಗನಿಗೋ ಮಗಳಿಗೋ ಏನೂ ಕೊಡದಿದ್ದರೆ ಕಾರಣವನ್ನು ಒಂದು ವಾಕ್ಯದಲ್ಲಾದರೂ ಹೇಳಿರಲಿ. ಮರೆತು ಬಿಟ್ಟದ್ದಲ್ಲವೆಂದು ತಿಳಿಯುತ್ತದೆ. ಸರ್ವೆ ನಂಬರು, ಹಿಸ್ಸೆ, ಎಕರೆ, ಗುಂಟೆ, ಚಕ್ಕುಬಂದಿ ಇವು ತಪ್ಪಬಾರದು. ಹಿತ್ತಾಳೆ ಹಂಡೆ, ಬಿದ್ರಿ ಹೂಜಿಗಳನ್ನೂ ಬರೆಯಬಹುದು. ನಾನು ಕಂಡ ಮಟ್ಟಿಗೆ ಹೊಲಕ್ಕಿಂತ ಹಂಡೆಗೆ ಆದ ಜಗಳವೇ ಉಗ್ರ.

ರಿಜಿಸ್ಟರ್ ಮಾಡಿಸಿದರೆ ಕಳೆದುಹೋಗುವ ಭಯವಿಲ್ಲ; ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ವಶಕ್ಕೆ ಕೊಡುವುದೂ ಉಂಟು. ಬರೆದವನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು. ಕೊನೆಯದೇ ನಿಲ್ಲುತ್ತದೆ, ಮೊದಲನೆಯದು ರಿಜಿಸ್ಟರ್ ಆಗಿದ್ದು ಕೊನೆಯದು ಆಗದಿದ್ದರೂ ಅಷ್ಟೆ.

ಮುಸಲ್ಮಾನರಿಗೆ ನಿಯಮ ಬೇರೆ. ಅಂತ್ಯಕ್ರಿಯೆಯ ವೆಚ್ಚ, ಸಾಲ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ವಸೀಯತ್ ಮಾಡಬಹುದು, ಅದೂ ವಾರಸುದಾರರಲ್ಲದವರಿಗೆ. ವಾರಸುದಾರನಿಗೇ ಕೊಡಬೇಕಾದರೆ ಉಳಿದ ವಾರಸುದಾರರ ಸಮ್ಮತಿ ಬೇಕು. ಬದುಕಿರುವಾಗಲೇ ಕೊಟ್ಟುಬಿಡುವ ಹಿಬಾಕ್ಕೆ ಈ ಮಿತಿಯಿಲ್ಲ, ಆದರೆ ಸ್ವಾಧೀನವನ್ನೂ ಕೊಡಬೇಕು.

ಕೊಟ್ಟುಬಿಡುವ ಮಾತು ಬಂತು. ಹಿಂದೂಗಳಲ್ಲಿಯೂ ಅನೇಕರು ‘ಮರಣಶಾಸನವೇಕೆ, ಈಗಲೇ ದಾನಪತ್ರ ಮಾಡಿಬಿಡುತ್ತೇನೆ’ ಎನ್ನುತ್ತಾರೆ. ಪ್ರೀತಿಯ ಮಾತು, ಆದರೆ ಅಪಾಯದ ಮಾತು. ದಾನ ಕೊಟ್ಟ ಮೇಲೆ ಅಂಗಳದ ಬೇವಿನ ಕೆಳಗೆ ಕೂರುವುದಕ್ಕೂ ಮಗನ ಮುಖ ನೋಡಬೇಕಾದೀತು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಪ್ರಕರಣದಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನವನ್ನು, ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿಯಿಂದ ರದ್ದುಪಡಿಸಿಕೊಳ್ಳಬಹುದು. ಆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಬೇಕು. ‘ಮಗನಿಗೆ ಷರತ್ತು ಹಾಕುವುದೇ?’ ಎಂದು ನಾಚುವವರು ಆಮೇಲೆ ಕಚೇರಿಯ ಮೆಟ್ಟಿಲು ಹತ್ತಲು ನಾಚುವಂತಿಲ್ಲ.

ಹೆಸರಿದ್ದವನೇ ಒಡೆಯನೇ?

ಬ್ಯಾಂಕಿನ ಪುಸ್ತಕದಲ್ಲಿ ನಾಮಿನಿ ಎಂದು ಬರೆದವರೇ ಹಣದ ಒಡೆಯರೆಂಬ ಭ್ರಮೆ ವಿದ್ಯಾವಂತರಲ್ಲಿಯೂ ಇದೆ. ನಾಮಿನಿಯ ಕೈ ಹಣ ಪಡೆಯುವ ಕೈ ಮಾತ್ರ. ವಾರಸುದಾರರಿಗೆ ಲೆಕ್ಕ ಕೊಡಬೇಕಾದ ಕೈ. ಜೀವವಿಮೆಯಲ್ಲಿ 2015ರ ತಿದ್ದುಪಡಿಯಿಂದ ತಂದೆತಾಯಿ, ಗಂಡಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಹಣ ಸೇರುತ್ತದೆ. ಬ್ಯಾಂಕಿನ ಠೇವಣಿಗೆ ಆ ಮಾತಿಲ್ಲ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ.

ಹೆಸರಿದ್ದವನೇ ಒಡೆಯನಲ್ಲವೆಂಬುದಕ್ಕೆ ಬೀದರಿನ ಹಳೆಯ ದೊರೆಯ ಕಥೆಯೇ ಇದೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಶರಣಾದ ದಿನಗಳಲ್ಲಿ ನಿಜಾಮರ 10,07,940 ಪೌಂಡು 9 ಷಿಲಿಂಗು ಹಣ ಲಂಡನ್ನಿನ ಬ್ಯಾಂಕೊಂದರಲ್ಲಿ ಪಾಕಿಸ್ತಾನದ ಹೈಕಮಿಷನರ್ ರಹಿಮ್ತೂಲಾ ಅವರ ಹೆಸರಿಗೆ ಹೋಯಿತು. ನಿಜಾಮರು ಕೂಡಲೇ ಮರಳಿ ಕೇಳಿದರು; ಬ್ಯಾಂಕು ಕೊಡಲಿಲ್ಲ. 1967ರಲ್ಲಿ ಅವರು ತೀರಿಕೊಂಡರು. 2019ರ ಅಕ್ಟೋಬರ್ 2ರಂದು ಲಂಡನ್ನಿನ ನ್ಯಾಯಾಲಯ, ಆ ಹಣ ರಹಿಮ್ತೂಲಾ ಅವರಲ್ಲಿ ನಿಜಾಮರ ಪರವಾಗಿ ಇದ್ದದ್ದೆಂದೂ, ಭಾರತ ಸರಕಾರಕ್ಕೂ ನಿಜಾಮರ ಇಬ್ಬರು ಮೊಮ್ಮಕ್ಕಳಿಗೂ ಸೇರಬೇಕಾದುದೆಂದೂ ತೀರ್ಪಿತ್ತಿತು. ಅಷ್ಟರಲ್ಲಿ ಅದು ಸುಮಾರು ಮೂರೂವರೆ ಕೋಟಿ ಪೌಂಡಿಗೆ ಬೆಳೆದಿತ್ತು. ಅಷ್ಟು ಆಯುಸ್ಸೂ ಅಂಥ ವಕೀಲರೂ ನಮಗೆಲ್ಲಿಂದ?

ಹೆಣ್ಣುಮಗಳ ಸ್ವಂತ ಗಳಿಕೆಯ ಮಾತು ಇನ್ನೂ ಗಂಭೀರವಾದುದು. ಮಕ್ಕಳಿಲ್ಲದ ವಿಧವೆ ಮರಣಶಾಸನವಿಲ್ಲದೆ ತೀರಿಕೊಂಡರೆ, ತಂದೆತಾಯಿಯಿಂದ ಬಂದದ್ದು ತವರಿಗೆ ಹೋಗುತ್ತದೆ. ಉಳಿದದ್ದು ಗಂಡನ ಕಡೆಯವರಿಗೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದ ಹೆಣ್ಣುಮಗಳು ಮದುವೆಯಾದ ಮೂರೇ ತಿಂಗಳಲ್ಲಿ ಗಂಡನನ್ನು ಹಾವಿಗೆ ಕಳೆದುಕೊಂಡವಳು. ಅತ್ತೆಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು; ನೌಕರಿ ಹಿಡಿದಳು, ಉಳಿಸಿದಳು, 1996ರಲ್ಲಿ ಏನೂ ಬರೆಯದೆ ಸತ್ತಳು. ಅವಳ ಭವಿಷ್ಯನಿಧಿಯೂ ಠೇವಣಿಯೂ ಸೇರಿದ್ದು ಓದಿಸಿದ ತಾಯಿಗಲ್ಲ, ನಾಲ್ಕು ದಶಕ ಮುಖ ನೋಡದ ಗಂಡನ ಅಕ್ಕತಂಗಿಯ ಮಕ್ಕಳಿಗೆ. ನ್ಯಾಯಾಧೀಶರೇ ಮರುಗಿದರೂ ಕಾಯಿದೆ ಮರುಗಲಿಲ್ಲ. ಔರಾದದ ಶಾಲೆಯಲ್ಲಿ ಕಲಿಸುವ, ಬೀದರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಎಷ್ಟೋ ಸೋದರಿಯರಿಗೆ ಈ ಸಂಗತಿ ಯಾರೂ ಹೇಳಿರಲಾರರು. 2025ರ ನವೆಂಬರಿನಲ್ಲಿ ಅದೇ ನ್ಯಾಯಾಲಯವು ಮಹಿಳೆಯರು, ಅದರಲ್ಲಿಯೂ ಹಿಂದೂ ಮಹಿಳೆಯರು, ಮರಣಶಾಸನ ಬರೆದಿಡಬೇಕೆಂದು ಬಹಿರಂಗವಾಗಿಯೇ ಕರೆಕೊಟ್ಟಿದೆ.

ಇನ್ನು ನಮ್ಮ ಕಥೆ. ಹಿರಿಯ ಅತ್ತೆ ಬಂದು ಒಂದು ಸೀರೆ, ಉಡಿ ತುಂಬಿಸಿಕೊಂಡು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಹೋದಳು. ಕಿರಿಯ ಅತ್ತೆಯನ್ನು ಕೊಟ್ಟದ್ದು ಉದಗೀರಿಗೆ. ಅವಳು ಬಂದಳು, ಊಟ ಮಾಡಿದಳು, ಪೆನ್ನು ಕೈಗೆ ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು. “ಅಣ್ಣಾ, ಹೊಲ ನನಗೇನು ಬೇಡ. ಆದರೆ ಅಪ್ಪನ ಹೊಲದ ಕಾಗದದಲ್ಲಿ ನನ್ನ ಹೆಸರು ಒಂದು ಸಲ ಬರಲಿ. ಆಮೇಲೆ ಹೊಡೆದುಹಾಕಿ” ಎಂದಳು. ಚಿಕ್ಕಪ್ಪನವರು ಗದರಿದರು. ತಂದೆಯವರು ಆ ದಿನ ಮೊದಲ ಸಲ ಬಾಯಿಬಿಟ್ಟು, “ಬರಲಿ” ಎಂದರು.

ಪೌತಿ ಖಾತೆಯಾಯಿತು. ಪಹಣಿಯಲ್ಲಿ ಅವಳ ಹೆಸರು ಬಂದಿತು, ಮೂರು ಎಕರೆಯ ಮುಂದೆ. ಅದರ ಒಂದು ಪ್ರತಿಯನ್ನು ನಾನೇ ಉದಗೀರಿಗೆ ಕೊಂಡೊಯ್ದು ಕೊಟ್ಟೆ. ಅವಳಿಗೆ ಕನ್ನಡ ಓದಲು ಬಾರದು. ತನ್ನ ಹೆಸರು ಎಲ್ಲಿದೆಯೆಂದು ಕೇಳಿ ಅಲ್ಲಿ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಳು. ಬಿಡುಗಡೆ ಪತ್ರದ ಮಾತನ್ನು ಅವಳೂ ಎತ್ತಲಿಲ್ಲ, ತಂದೆಯವರೂ ಎತ್ತಲಿಲ್ಲ. ಚಿಕ್ಕಪ್ಪನ ಮಗ ತನ್ನ ತಂದೆಯ ಪಾಲಿನಲ್ಲಿಯೇ ಎರಡು ಎಕರೆ ಮಾರಿಕೊಂಡ.

ಹೋದ ವರ್ಷ ಅತ್ತೆ ಮರಾಠಿಯಲ್ಲಿ ಮೃತ್ಯುಪತ್ರ ಬರೆಸಿದ್ದಾಳೆ. ಸಾಕ್ಷಿಗಳಿಬ್ಬರೂ ಪಕ್ಕದ ಬೀದಿಯ ಮೂವತ್ತರ ಹರೆಯದವರು. ಲಕೋಟೆಯನ್ನು ಅಂಟಿಸಿ, ತಾತ ಅವಳ ಮದುವೆಯಲ್ಲಿ ಕೊಟ್ಟ ಬಿದ್ರಿ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದಾಳೆ. ಒಳಗೇನು ಬರೆದಿದೆಯೆಂದು ಅವಳ ಮಕ್ಕಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.